ಪದ ಒಬ್ಬರದು, ಅರ್ಥ ಇನ್ನೊಬ್ಬರದು: ಸುರತ್ಕಲ್ ಕೇಂದ್ರಿತ ವಿಮರ್ಶಾ ಮೀಮಾಂಸೆ

ಸಾಹಿತ್ಯ ವಿಮರ್ಶೆಯ ಚರಿತ್ರೆಯನ್ನು ಗ್ರೀಸಿನಿಂದ ಶುರು ಮಾಡುವವರಿದ್ದಾರೆ, ಕಾಶ್ಮೀರದಿಂದ ಶುರು ಮಾಡುವವರೂ ಇದ್ದಾರೆ. ಇಬ್ಬರೂ ದಾರಿ ತಪ್ಪಿದವರೇ. ಶುರು ಮಾಡಬೇಕಾದ್ದು ಕರಾವಳಿಯ ಯಕ್ಷಗಾನದೂರು ಸುರತ್ಕಲ್ಲಿನಿಂದ, ಏಕೆಂದರೆ ವಿಮರ್ಶೆಯೆಂಬುದು ಮದ್ದಳೆಯಿಲ್ಲದ ತಾಳಮದ್ದಳೆ. ಪ್ರಮಾಣ ವೇಷವಿಲ್ಲದ ಯಕ್ಷಗಾನವಾದ ಆ ಕೂಟದಲ್ಲೇ ಇದೆ. ಭಾಗವತರು ನಾಲ್ಕು ಸಾಲಿನ ಪದ ಹಾಡಿ ಜಾಗಟೆ ಕೆಳಗಿಡುತ್ತಾರೆ; ಶಾಲು ಹೊದ್ದ ಅರ್ಥಧಾರಿ ಮೈಕು ಹತ್ತಿರ ಎಳೆದುಕೊಂಡು ಮುಕ್ಕಾಲು ಗಂಟೆ ಮಾತಾಡುತ್ತಾರೆ. ಪದ ಬರೆದವನು ಅಲ್ಲಿಲ್ಲ, ಇದ್ದರೂ ಅವನಿಗೆ ಮೈಕು ಕೊಡುವ ಕ್ರಮವಿಲ್ಲ. ಕರ್ತೃ ಸತ್ತನೆಂದು ಫ್ರಾನ್ಸಿನ ರೊಲಾಂ ಬಾರ್ತ್ 1967ರಲ್ಲಿ ಸಾರಿದ್ದು ದೊಡ್ಡ ಸುದ್ದಿಯಾಯಿತು. ಕರಾವಳಿಯಲ್ಲಿ, ರಾಮಾಯಣ ಪ್ರಸಂಗಗಳ ಕವಿ ಕುಂಬಳೆಯ ಪಾರ್ತಿಸುಬ್ಬನ ಮಟ್ಟಿಗೆ, ಆ ಸಾವಿನ ಬೊಜ್ಜದ ಊಟ ಯಾವತ್ತೋ ಮುಗಿದಿತ್ತು.

‘ಸುಮಾರು 850ರ ಕವಿರಾಜಮಾರ್ಗ ತಾಳಮದ್ದಳೆಗಿಂತ ಹಳೆಯದಲ್ಲವೇ?’ ಎಂಬುದು ಪೂರ್ವಪಕ್ಷ. ಹಳೆಯದೇ. ಆದರೆ ಅದೇ ನಮ್ಮ ವಾದಕ್ಕೆ ಮೊದಲ ಸಾಕ್ಷಿ. ಅಲ್ಲಿ ಬಹುಪಾಲು ಪದ ಕಾವ್ಯಾದರ್ಶದ ದಂಡಿಯದು, ಅರ್ಥ ಶ್ರೀವಿಜಯನದು, ಮೇಳದ ಯಜಮಾನಿಕೆ ನೃಪತುಂಗನದು. ಕೃತಿ ಯಾರದೆಂದು ವಿದ್ವಾಂಸರು ತಲೆಮಾರುಗಟ್ಟಲೆ ಜಗಳಾಡಿದ್ದು ಈ ಸರಳ ವ್ಯವಸ್ಥೆ ತಿಳಿಯದೆ; ಡೇರೆ ಮೇಳದ ಕರಪತ್ರ ಓದಿದವನಿಗೆ ಇದರಲ್ಲಿ ಗೊಂದಲವೇ ಇಲ್ಲ. ಕಾಶ್ಮೀರದಲ್ಲೂ ಅಷ್ಟೇ. ಆನಂದವರ್ಧನ ಧ್ವನಿಯ ಬಗ್ಗೆ ಅರ್ಥ ಹೇಳಿದ. ಆ ಅರ್ಥಕ್ಕೇ ಅಭಿನವಗುಪ್ತ ‘ಲೋಚನ’ವೆಂದು ಮತ್ತೊಂದು ಅರ್ಥ ಹೇಳಿದ. ಪದ ಎಲ್ಲಿತ್ತೆಂದು ಭಾಗವತರಿಗೇ ಮರೆತುಹೋಗುವ ಈ ಹಂತವನ್ನು ಶಾಸ್ತ್ರಜ್ಞರು ಸುವರ್ಣಯುಗ ಎನ್ನುತ್ತಾರೆ. ನವ್ಯರ ಕಾಲಕ್ಕೆ ಪದವನ್ನು ಎಲಿಯಟ್ಟನಿಂದ ತರಿಸಿಕೊಂಡರು. ಆಮೇಲಿನದನ್ನು ವಿಸ್ತರಿಸುವ ಅಗತ್ಯವಿಲ್ಲ, ಸೆಮಿನಾರುಗಳಲ್ಲಿ ಅದು ಈಗಲೂ ನಡೆಯುತ್ತಿದೆ.

ಇನ್ನೊಂದು ಆಕ್ಷೇಪ ಸ್ವಲ್ಪ ಗಟ್ಟಿ: ಅರ್ಥಧಾರಿ ಪಾತ್ರದ ಪಕ್ಷ ವಹಿಸುತ್ತಾನೆ, ವಿಮರ್ಶಕ ನಿಷ್ಪಕ್ಷಪಾತಿ. ನಿಷ್ಪಕ್ಷಪಾತಿ ವಿಮರ್ಶಕ ಸಿಕ್ಕಿದ ದಿನ ಉತ್ತರಿಸೋಣ. ಅಲ್ಲಿಯವರೆಗೆ ಸುರತ್ಕಲ್ ಮೇಳದಲ್ಲಿ ವೇಷ ಕಟ್ಟಿದ್ದ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕೂಟದ ವಾಲಿಯನ್ನು ನೆನೆಯಬೇಕು. ಎದೆಗೆ ಬಾಣ ನೆಟ್ಟಿದೆ, ಉಸಿರು ಹೋಗಬೇಕು. ವಾಲಿಗೆ ಮಾತ್ರ ಅವಸರವಿಲ್ಲ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುವುದು ಬಾಕಿಯಿದೆ. ವಾಲ್ಮೀಕಿಯನ್ನು ಇದಕ್ಕಿಂತ ಹತ್ತಿರದಿಂದ ಓದುವ ವಿಧಾನ ಯಾವ ವಿಶ್ವವಿದ್ಯಾನಿಲಯದ ಪಠ್ಯದಲ್ಲಿದೆ? ‘ವಾದದಲ್ಲಿ ಗೆದ್ದರೂ ವಾಲಿ ಸಾಯಲೇಬೇಕಲ್ಲ?’ ಎಂದರೆ, ಹೌದು. ಭಾಗವತರು ಗಡಿಯಾರ ನೋಡಿ ಮುಂದಿನ ಪದ ಎತ್ತಿದ ಕೂಡಲೇ ವಾಲಿ ರಾಮನಿಗೆ ಕೈಮುಗಿದು ಮೋಕ್ಷ ಪಡೆಯುತ್ತಾನೆ. ಪಡೆದು, ಶಾಲು ಸರಿಮಾಡಿಕೊಂಡು, ವೇದಿಕೆಯ ಹಿಂದೆ ಚಾ ಕುಡಿಯಲು ಹೋಗುತ್ತಾನೆ.