ಮೂರು ಅಂಗಡಿ, ಒಂದು ಕಾದಂಬರಿ

ನನ್ನ ಪುಸ್ತಕಗಳು ಕಪಾಟು ತುಂಬಿ ಹೆಂಡತಿಯ ಸೀರೆಗಳ ಗಡಿಯೊಳಗೆ ನುಗ್ಗಿದ ಮೇಲೆ, ಇನ್ನು ಇ-ಪುಸ್ತಕವೇ ಗತಿ ಎಂದು ತೀರ್ಪಾಯಿತು. ಕೊಳ್ಳುವುದೆಲ್ಲಿ? ಕೈಂಡಲ್ ಮೇಲೆ ನನಗೆ ಹಳೇ ಮುನಿಸು: 2016ರಲ್ಲಿ ಅದು ಐದು ಭಾರತೀಯ ಭಾಷೆಗಳಿಗೆ ಎಲೆ ಹಾಕಿದಾಗ ಕನ್ನಡ ಪಂಕ್ತಿಯಲ್ಲಿರಲಿಲ್ಲ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಸಿಗುತ್ತದೆ. ಮೈಲ್ಯಾಂಗ್ ಅಂತೂ ನಮ್ಮವರದೇ ಅಂಗಡಿ. ಸರಿ, ಗಾಂಧಿ ಬಜಾರಿನಲ್ಲಿ ಅವರೆಕಾಯಿ ಚೌಕಾಸಿ ಮಾಡುವವನ ಹಾಗೆ ಮೂರೂ ಕಡೆ ತಡಕಾಡಿದೆ. 10 ರೂಪಾಯಿ ಉಳಿಸಲು ಹೋಗಿ ರಾತ್ರಿ 12 ಹೊಡೆಯಿತು. ಸಂತೆಯಲ್ಲಿ ದ್ರಾಕ್ಷಿಯ ರುಚಿ ನೋಡುವವನಂತೆ ಪುಕ್ಕಟೆ ಮಾದರಿ ಪುಟಗಳನ್ನು ಓದಿಯೇ ಅರ್ಧ ಹೊಟ್ಟೆ ತುಂಬಿತು. ಕೊನೆಗೊಂದು ಕಾದಂಬರಿ ಕೊಂಡೆ. ಯಾವ ಅಂಗಡಿಯಲ್ಲಿ ಎಂಬುದು ಬೆಳಗ್ಗೆ ಎದ್ದಾಗ ಮರೆತೇ ಹೋಗಿತ್ತು. ಪಾಸ್‌ವರ್ಡ್ ಕೂಡ.

"ಆ ಪುಸ್ತಕ ಕಪಾಟಿನಲ್ಲೇ ಇದೆಯಲ್ರೀ," ಎಂದಳು ಹೆಂಡತಿ, ಸೀರೆ ಮಡಿಸುತ್ತಾ.