ಕೊರಳಪಟ್ಟಿ ಮೂಡುವವರೆಗೆ: ಕೊಟ್ಟೂರಿನ ಪಂಜರದ ಗಿಣಿಯೊಡನೆ ಒಂದು ಕಾಲ್ಪನಿಕ ಸಂದರ್ಶನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಪಂಜರದ ಗಿಣಿ ಗಂಡೋ ಹೆಣ್ಣೋ ಎಂಬುದನ್ನು ಪಕ್ಷಿಶಾಸ್ತ್ರಕ್ಕೆ ಬಿಡದೆ ಪಡಸಾಲೆಯ ಪಂಚಾಯಿತಿಯೇ ತೀರ್ಮಾನಿಸುವುದು ರೂಢಿ. ಮಾತಾಡಿದರೆ ಗಂಡು, ಕಚ್ಚಿದರೆ ಹೆಣ್ಣು, ಕನ್ನಡಿಯೆದುರು ಕುಣಿದರೆ ಮತ್ತೆ ಗಂಡು, ಮುನಿಸಿಕೊಂಡು ಮೂಲೆ ಸೇರಿದರೆ ಮತ್ತೆ ಹೆಣ್ಣು ಎಂಬ ಈ ತೀರ್ಪುಗಳಲ್ಲಿ ಹಕ್ಕಿಯ ಸ್ವಭಾವಕ್ಕಿಂತ ತೀರ್ಪುಗಾರರ ಮನೆಯ ಸ್ವಭಾವವೇ ಹೆಚ್ಚಾಗಿ ಕಾಣುತ್ತದೆಯಾದ್ದರಿಂದ, ಇದುವರೆಗೆ ಯಾರೂ ಕೇಳದ ಕಕ್ಷಿದಾರನ ಹೇಳಿಕೆಯನ್ನು ದಾಖಲಿಸುವುದು ಅಗತ್ಯವೆನಿಸಿತು. ಇಲ್ಲಿ ಉತ್ತರ ಕೊಟ್ಟಿರುವುದು ಕೊಟ್ಟೂರಿನ ತೇರುಬೀದಿಯ ಮನೆಯೊಂದರ ಪಂಜರದಲ್ಲಿರುವ ಗುಲಾಬಿ ಕೊರಳಿನ ಗಿಣಿ. ವಿಜ್ಞಾನಿಗಳು ಸಿಟ್ಟಾಕುಲ ಕ್ರಾಮೆರಿ ಎಂದು ಕರೆಯುವ, ಈ ಭಾಗದ ಹೊಲ, ಗುಡಿಯ ಗೋಪುರ, ಹಳೆಯ ಮರಗಳ ಪೊಟರೆಗಳಲ್ಲೆಲ್ಲ ಕಾಣಸಿಗುವ ಸಾಮಾನ್ಯ ಹಸಿರು ಗಿಣಿ. ವಿದ್ವಾಂಸರ ಪದ್ಧತಿಯಂತೆ ತನ್ನನ್ನು ತಾನು ಪ್ರಥಮ ಪುರುಷದಲ್ಲಿಯೇ ಉಲ್ಲೇಖಿಸಿಕೊಳ್ಳುವುದಾಗಿ ಅದು ಮೊದಲೇ ಷರತ್ತು ಹಾಕಿತ್ತು.

ಸಂದರ್ಶಕ: ಸಂಬೋಧನೆಯಿಂದಲೇ ತೊಡಕು ಶುರುವಾಗುತ್ತದೆ. ತಮ್ಮನ್ನು ಗಿಣಿರಾಯರೇ ಎನ್ನಬೇಕೋ, ಗಿಣಿಯಮ್ಮನವರೇ ಎನ್ನಬೇಕೋ?

ಗಿಣಿ: ಈ ಮನೆಯವರು ಆ ತೊಡಕನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಪಂಜರಕ್ಕೆ ಬಂದ ಪ್ರತಿಯೊಂದು ಗಿಣಿಯೂ ಇಲ್ಲಿ ರಾಮನೇ. ಈ ಗಿಣಿಗಿಂತ ಮುಂಚೆ ಇದ್ದ ರಾಮನು ಒಂದು ಬೆಳಿಗ್ಗೆ ಮೊಟ್ಟೆಯಿಟ್ಟಾಗ, ಜೊತೆಗೆ ಗಂಡಿಲ್ಲದಿದ್ದರೂ ಹೆಣ್ಣುಹಕ್ಕಿ ಮರಿಯಾಗದ ಮೊಟ್ಟೆಯನ್ನು ಇಡಬಲ್ಲದೆಂಬ ಸರಳ ಸಂಗತಿ ತಿಳಿಯದೆ, ಮನೆಯವರು ಅದನ್ನು ಪವಾಡವೆಂದು ಊದುಬತ್ತಿ ಹಚ್ಚಿದರೇ ಹೊರತು ಹೆಸರನ್ನು ಬದಲಿಸಲಿಲ್ಲ.

ಸಂದರ್ಶಕ: ಆದರೂ ನೆಂಟರಲ್ಲಿ ಭಿನ್ನಾಭಿಪ್ರಾಯವಿದೆಯೆಂದು ಕೇಳಿಬರುತ್ತದೆ.

ಗಿಣಿ: ತಾಲ್ಲೂಕಿಗೊಂದು ಅಭಿಪ್ರಾಯವಿದೆ. ಕೂಡ್ಲಿಗಿಯ ಬೀಗರು, ಬಂದವರಿಗೆಲ್ಲ ‘ಬರ್ರಿ, ಕುಂದರ್ರಿ’ ಎನ್ನುವ ಜಾಣತನ ಗಂಡಿನದೇ ಎಂದು ಸಾಧಿಸುತ್ತಾರೆ. ಅವರ ಮನೆಯಲ್ಲಿ ಆ ಮಾತನ್ನು ದಿನವೂ ಆಡುವವರು ಹೆಂಗಸರೇ ಎಂಬುದು ವಾದಕ್ಕೆ ಅಡ್ಡಿಯಾಗುವುದಿಲ್ಲ. ಹಡಗಲಿಯ ಸೋದರತ್ತೆ, ಬೆರಳು ಚಾಚಿದರೆ ಕಚ್ಚುತ್ತದೆಯೆಂಬ ಕಾರಣಕ್ಕೆ ಹೆಣ್ಣೆಂದು ತೀರ್ಮಾನಿಸಿ, ಮಲ್ಲಿಗೆ ದಂಡೆಯನ್ನು ಪಂಜರಕ್ಕೆ ಕಟ್ಟಿ ಹೋಗಿದ್ದಾರೆ. ಹಗರಿಬೊಮ್ಮನಹಳ್ಳಿಯ ರೈತ ನೆಂಟರದು ಮಾತ್ರ ಸಮದೃಷ್ಟಿ. ಸೂರ್ಯಕಾಂತಿಯ ತೆನೆಯನ್ನೂ ಮೆಕ್ಕೆಜೋಳವನ್ನೂ ಹಾಳುಮಾಡುವ ವಿಷಯದಲ್ಲಿ ಗಂಡು ಹೆಣ್ಣುಗಳ ನಡುವೆ ವ್ಯತ್ಯಾಸವನ್ನೇ ಕಾಣದ ಅವರು ಇಡೀ ಕುಲವನ್ನು ಕಳ್ಳರೆಂದು ಕರೆದು ಕವಣೆಯನ್ನು ನೆನೆಯುತ್ತಾರೆ.

ಸಂದರ್ಶಕ: ವರ್ತನೆಯಿಂದ ಲಿಂಗವನ್ನು ತಿಳಿಯುವುದು ಅಸಾಧ್ಯವೇ?

ಗಿಣಿ: ಕಾಡಿನಲ್ಲಿ ಜೋಡಿಗೂಡುವ ಕಾಲದಲ್ಲಿ ಸ್ವಲ್ಪಮಟ್ಟಿಗೆ ಸಾಧ್ಯ. ಚಳಿ ಮುಗಿದು ಬೇಸಿಗೆ ಹತ್ತಿರವಾಗುವಾಗ ಹೆಣ್ಣು ಕಣ್ಣು ಹೊರಳಿಸುತ್ತ ತಲೆಯನ್ನು ಅರ್ಧ ವೃತ್ತದಂತೆ ಅತ್ತಿತ್ತ ಆಡಿಸುತ್ತದೆ. ಗಂಡು ಅದರ ಬಳಿ ಸರಿದು, ತಾನು ನುಂಗಿದ ಕಾಳನ್ನು ಮರಳಿ ಕೊಕ್ಕಿಗೆ ತಂದು ಅದಕ್ಕೆ ಉಣಿಸುತ್ತದೆ. ಪೊಟರೆಯೊಳಗೆ ಮೂರೂವರೆ ವಾರದಷ್ಟು ಕಾಲ ಕಾವು ಕೂರುವ ಕೆಲಸ ಮುಖ್ಯವಾಗಿ ಹೆಣ್ಣಿನದು. ಈ ಕ್ರಮಕ್ಕೆ ಅರ್ಥ ಬರುವುದು ಎರಡು ಹಕ್ಕಿ, ಒಂದು ಪೊಟರೆ, ಒಂದು ಋತು ಇದ್ದಾಗ ಮಾತ್ರ. ಪಂಜರದಲ್ಲಿ ಒಂಟಿಯಾಗಿ ಬೆಳೆದ ಹಕ್ಕಿ ಮನೆಯ ಯಜಮಾನನ ಹೆಬ್ಬೆರಳಿಗೂ, ಕನ್ನಡಿಯೊಳಗಿನ ತನ್ನದೇ ಮುಖಕ್ಕೂ ಕಾಳು ಉಣಿಸಲು ಹೋಗುತ್ತದೆ. ಎರಡು ಹೆಣ್ಣುಗಳನ್ನು ಒಂದೇ ಕಡೆ ಕೂಡಿಹಾಕಿದರೆ ಅವೂ ಒಂದಕ್ಕೊಂದು ಉಣಿಸಬಹುದು. ಆಗ ನೋಡುವವರು ಒಂದನ್ನು ಗಂಡನನ್ನಾಗಿಯೂ ಇನ್ನೊಂದನ್ನು ಹೆಂಡತಿಯನ್ನಾಗಿಯೂ ಮಾಡಿ ಸಂಸಾರ ಹೂಡಿಸುತ್ತಾರೆ. ಅಂದರೆ ಪಡಸಾಲೆಯಲ್ಲಿ ಕಾಣುವುದು ಬಹುಪಾಲು ಪಂಜರದ ವರ್ತನೆ. ಇನ್ನು ಮಾತು: ಈ ಜಾತಿಯಲ್ಲಿ ಗಂಡು ಹೆಣ್ಣು ಎರಡೂ ಮಾತು ಕಲಿಯುತ್ತವೆ. ಕಚ್ಚುವುದಕ್ಕೆ ಕಾರಣವನ್ನಂತೂ ಲಿಂಗದಲ್ಲಿ ಹುಡುಕುವ ಮುನ್ನ ಪಂಜರದ ಅಳತೆಯಲ್ಲಿ ಹುಡುಕಬಹುದು.

ಸಂದರ್ಶಕ: ಹಾಗಾದರೆ ನಂಬತಕ್ಕ ಗುರುತು ಯಾವುದು?

ಗಿಣಿ: ಕೊರಳಪಟ್ಟಿ. ಬೆಳೆದ ಗಂಡಿನ ಗದ್ದದಿಂದ ಹೊರಟ ಕಪ್ಪು ಗೆರೆಯೊಂದು ಕೊರಳನ್ನು ಬಳಸುತ್ತದೆ, ಹಿಂಗೊರಳಲ್ಲಿ ಅದಕ್ಕೆ ಗುಲಾಬಿ ಬಣ್ಣ ಸೇರುತ್ತದೆ. ಹೆಣ್ಣಿನಲ್ಲಿ ಇದಿಲ್ಲ, ಇದ್ದರೂ ಮಸುಕಾದ ಹಸಿರಿನ ಛಾಯೆಯಷ್ಟೇ. ಆದರೆ ಈ ಪಟ್ಟಿ ಮೂಡುವುದು ಸುಮಾರು ಒಂದೂವರೆ ವರ್ಷದ ನಂತರ, ಪೂರ್ತಿಯಾಗಲು ಕೆಲವೊಮ್ಮೆ ಮೂರನೆಯ ವರ್ಷ ಬರಬೇಕು. ಅಲ್ಲಿಯವರೆಗೆ ಎಲ್ಲ ಮರಿಗಳೂ ತಾಯಿಯಂತೆಯೇ ಕಾಣುವುದರಿಂದ ಪಟ್ಟಿಯಿಲ್ಲದ ಹಕ್ಕಿಯನ್ನೆಲ್ಲ ಹೆಣ್ಣೆನ್ನುವುದೂ ಅವಸರದ ಮಾತೇ. ಜಾತಿ ಬದಲಾದರೆ ಗುರುತೂ ಬದಲಾಗುತ್ತದೆ. ಕೆಂದಲೆ ಗಿಣಿಯಲ್ಲಿ ಗಂಡಿನ ತಲೆ ನೇರಳೆಗೆಂಪು, ಹೆಣ್ಣಿನದು ಬೂದುನೀಲಿ. ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ, ವಾಸ್ತವವಾಗಿ ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಆಗಿರುವ ಸಣ್ಣ ಹಕ್ಕಿಯಲ್ಲಿ ಕೊಕ್ಕಿನ ಬುಡದ ಮೂಗಿನ ಹೊಳ್ಳೆಗಳಿರುವ ಮೆತ್ತನೆಯ ಭಾಗವನ್ನು ನೋಡಬೇಕು. ಬಲಿತ ಗಂಡಿನಲ್ಲಿ ಅದು ನೀಲಿ, ಗೂಡಿಗೆ ಸಿದ್ಧವಾದ ಹೆಣ್ಣಿನಲ್ಲಿ ಕಂದು. ಬಿಳಿ ಹಳದಿ ತಳಿಗಳಲ್ಲಿ ಈ ಸೂತ್ರವೂ ಕೈಕೊಡುತ್ತದೆ.

ಸಂದರ್ಶಕ: ಪಟ್ಟಿ ಮೂಡುವವರೆಗೆ ಕಾಯಲಾರದವರಿಗೆ?

ಗಿಣಿ: ಪ್ರಯೋಗಾಲಯವಿದೆ. ಬುಡಸಹಿತ ಕಿತ್ತ ಗರಿ ಅಥವಾ ಒಂದು ಹನಿ ರಕ್ತದಿಂದ ಡಿಎನ್‌ಎ, ಅಂದರೆ ಜೀವಕೋಶದೊಳಗಿನ ಆನುವಂಶಿಕ ಬರಹವನ್ನು ಓದಿ ಹೇಳುತ್ತಾರೆ. ಹಕ್ಕಿಗಳಲ್ಲಿ ಗಂಡಿಗೆ ಝಡ್ ಎಂಬ ವರ್ಣತಂತುಗಳು ಎರಡು, ಹೆಣ್ಣಿಗೆ ಒಂದು ಝಡ್ ಮತ್ತೊಂದು ಡಬ್ಲ್ಯೂ. ಆದ್ದರಿಂದ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಾಯಿಯ ಅಂಡ. ಮನುಷ್ಯರಲ್ಲಿ ಇದು ತಿರುಗುಮುರುಗು. ನಿರ್ಧರಿಸುವುದು ತಂದೆಯ ವೀರ್ಯಾಣು. ಹೀಗಿದ್ದೂ ಸಾಲಾಗಿ ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವ ದನಿಗಳು ಪಂಜರದ ತನಕ ಕೇಳಿಸುತ್ತವೆ. ನಿಜಕ್ಕೂ ತಾಯಿಯೇ ಹೊಣೆಯಾಗಿರುವ ಗಿಣಿಕುಲದಲ್ಲಿ ಮಾತ್ರ ಯಾವ ತಂದೆಯೂ ಪೊಟರೆ ಬಿಟ್ಟು ಎರಡನೆಯ ಮದುವೆಯ ಮಾತೆತ್ತಿದ ದಾಖಲೆಯಿಲ್ಲ.

ಸಂದರ್ಶಕ: ಗಿಣಿಯ ಲಿಂಗದ ಬಗ್ಗೆ ಜನರ ಕುತೂಹಲವನ್ನು ಇದರೊಡನೆ ಜೋಡಿಸುವುದು ಅತಿಯಾಯಿತಲ್ಲವೇ?

ಗಿಣಿ: ಅತಿಯೆನಿಸಿದರೆ ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯನ್ನು ನೋಡಿ ಬರಬಹುದು. ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧವೆಂಬ ಫಲಕವನ್ನು ಅಲ್ಲಿ ಕಾನೂನೇ ತೂಗುಹಾಕಿಸಿದೆ; ಆ ಕಾಯ್ದೆ ಬಂದದ್ದು 1994ರಲ್ಲಿ. ಒಂದು ಕಡೆ ಕೇಳಬಾರದೆಂದು ಹೇಳಿಸಿಕೊಂಡ ಪ್ರಶ್ನೆಯನ್ನು ಇನ್ನೊಂದು ಕಡೆ, ಉತ್ತರದಿಂದ ಏನೂ ಆಗಬೇಕಿಲ್ಲದ ಹಕ್ಕಿಯ ಮುಂದೆ, ಕೇಳಿ ತೃಪ್ತಿಪಡುವುದು ಕಂಡುಬರುತ್ತದೆ.

ಸಂದರ್ಶಕ: ಸಾಹಿತ್ಯದಲ್ಲಾದರೂ ಗಿಣಿಗೆ ನ್ಯಾಯ ಸಿಕ್ಕಿದೆಯೇ?

ಗಿಣಿ: ಬಾಣನ ಕಥೆಯನ್ನು ಕನ್ನಡಕ್ಕೆ ತಂದ ನಾಗವರ್ಮನ ಕರ್ಣಾಟಕ ಕಾದಂಬರಿಯಲ್ಲಿ ರಾಜಸಭೆಗೆ ಬಂದು ಕಥೆ ಹೇಳುವ ವೈಶಂಪಾಯನ ಗಂಡು, ಶುಕಸಪ್ತತಿಯ ಉಪದೇಶಕನೂ ಗಂಡು. ಪಾಂಡಿತ್ಯವಿದ್ದಲ್ಲಿ ಗಂಡೆಂಬ ಕೂಡ್ಲಿಗಿ ಬೀಗರ ಸಿದ್ಧಾಂತಕ್ಕೆ ಹೀಗೆ ಸಾವಿರ ವರ್ಷದ ಬೆಂಬಲವಿದೆ. ಜಾತ್ರೆಯ ಗಿಣಿಶಾಸ್ತ್ರದವರದು ಇನ್ನೂ ಸೊಗಸು. ರೆಕ್ಕೆ ಕತ್ತರಿಸಿಕೊಂಡ ಹಕ್ಕಿಯೊಂದು, ಕಾಳಿನ ಆಸೆಗೆ ಕಲಿತ ವಿದ್ಯೆಯಿಂದ ಚೀಟಿಯೊಂದನ್ನು ಎಳೆದರೆ, ಅದರಲ್ಲಿ ಹುಟ್ಟಲಿರುವ ಮಗು ಗಂಡೆಂದು ಬರೆದಿದೆಯೆಂದು ಜನ ದಕ್ಷಿಣೆ ಕೊಟ್ಟು ಎದ್ದು ಹೋಗುತ್ತಾರೆ. ಚೀಟಿ ಎಳೆದದ್ದು ಗಂಡೋ ಹೆಣ್ಣೋ ಎಂಬುದು ಶಾಸ್ತ್ರದವನಿಗೇ ಗೊತ್ತಿರುವುದಿಲ್ಲ.

ಸಂದರ್ಶಕ: ಹರಪನಹಳ್ಳಿಯವರ ಅಭಿಪ್ರಾಯ ದಾಖಲಾಗಲಿಲ್ಲ.

ಗಿಣಿ: ಅವರು ಅನುಭವಸ್ಥರು, ಅಭಿಪ್ರಾಯ ಕೊಡಲಿಲ್ಲ. ಬಳ್ಳಾರಿಯಲ್ಲಿದ್ದ ಅವರ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹಚ್ಚಿದ ಹೆಸರಿನಿಂದ ಸ್ವಭಾವ ಬದಲಾಗುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸಂದರ್ಶಕ: ಕೊನೆಯ ಪ್ರಶ್ನೆ. ತಾವು ಗಂಡೋ ಹೆಣ್ಣೋ?

ಗಿಣಿ: ಈ ಗಿಣಿಯನ್ನು ಪೊಟರೆಯಿಂದ ಕಿತ್ತು ತಂದು ಇನ್ನೂ ವರ್ಷ ತುಂಬಿಲ್ಲ, ಪಟ್ಟಿ ಮೂಡುವ ವಯಸ್ಸೇ ಆಗಿಲ್ಲವಾದ್ದರಿಂದ ಉತ್ತರ ಕನ್ನಡಿಗೂ ಗೊತ್ತಿಲ್ಲ. ಆದರೆ ಗಂಡಾದರೂ ಹೆಣ್ಣಾದರೂ ಕಾನೂನು ಒಂದೇ. ದೇಶದ ಕಾಡುಗಿಣಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇದನ್ನು ಓದಿದೊಡನೆ ಪಂಜರದ ಬಾಗಿಲು ತೆರೆದು ಹಾರಿಸಿಬಿಡುವುದೂ ತರವಲ್ಲ. ಹಾರಾಟ ಮರೆತ, ಮೇವು ಹುಡುಕಲು ಕಲಿಯದ ಹಕ್ಕಿ ಬೆಕ್ಕಿನ ಪಾಲಾಗುತ್ತದೆ. ಆದ್ದರಿಂದ ಗಿಣಿಯಿರುವ ಮನೆಯವರು ಅದನ್ನು ಹತ್ತಿರದ ವಲಯ ಅರಣ್ಯ ಕಚೇರಿಗೆ ಒಪ್ಪಿಸಬೇಕು.