ಟೈಲ್ ಲೈಟಿನೊಳಗಿನ ನೀರು: ಲಕ್ಷಣ, ಭೇದ, ಚಿಕಿತ್ಸೆ

ಕಾರಿನ ಟೈಲ್ ಲೈಟಿನೊಳಗೆ ಕಾಣಿಸಿಕೊಳ್ಳುವ ನೀರು ಎರಡು ಬಗೆ: ಮಂಜು ಮತ್ತು ಕೊಳ. ಮಂಜು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಕೊಳವೂ ತಾನಾಗಿಯೇ ಬರುತ್ತದೆ, ಆದರೆ ಹೋಗುವುದಿಲ್ಲ. ಬ್ರೇಕ್ ಹಾಕಿದಾಗ ಒಳಗೆ ತೆರೆ ಎದ್ದರೆ ಅದು ನಿಸ್ಸಂದೇಹವಾಗಿ ಎರಡನೆಯ ಬಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಬಗೆಗಳು ಹೇರಳವಾಗಿ ದೊರೆಯುವುದರಿಂದ ಈ ಶಾಸ್ತ್ರಕ್ಕೆ ಕರಾವಳಿಯಷ್ಟು ಪ್ರಶಸ್ತವಾದ ಕ್ಷೇತ್ರ ಕರ್ನಾಟಕದಲ್ಲಿ ಬೇರಿಲ್ಲ. ಉನ್ನತ ವ್ಯಾಸಂಗ ಬಯಸುವವರಿಗೆ ಆಗುಂಬೆ ಘಾಟಿ ಇದೆ.

ಮಂಜಿನ ಉತ್ಪತ್ತಿಯ ಬಗ್ಗೆ ಪ್ರಮಾಣಗ್ರಂಥ 1814ರದು. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ರಾತ್ರಿಯ ಹೊತ್ತು ತೋಟದಲ್ಲಿ ಉಣ್ಣೆಯ ತುಣುಕುಗಳನ್ನಿಟ್ಟು, ಆಮೇಲೆ ತೂಗಿ ನೋಡಿ, ಇಬ್ಬನಿ ಆಕಾಶದಿಂದ ಉದುರುವುದಲ್ಲ, ತಣ್ಣಗಾದ ವಸ್ತುವಿನ ಮೇಲೆ ಸುತ್ತಲಿನ ಗಾಳಿಯ ಆವಿಯೇ ನೀರಾಗಿ ಕೂರುವುದು ಎಂದು ನಿರ್ಣಯಿಸಿದ. ಆಗ ಕಾರುಗಳಿಲ್ಲದ ಕಾರಣ ಟೈಲ್ ಲೈಟಿನ ಅಧ್ಯಾಯ ಅವನಿಂದ ಬಿಟ್ಟುಹೋಗಿದೆ. ಆದರೂ ಸೂತ್ರ ಅದೇ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಮಿಕ್ಕಿದ್ದು ಲೆನ್ಸಿನ ಒಳಮೈಗೆ ಅಂಟುತ್ತದೆ.

ಇಲ್ಲಿ ಲೆಕ್ಕ ಮಾಡುವುದು ಅವಶ್ಯ. ಲೈಟಿನೊಳಗೆ ಮೂರು ಲೀಟರ್ ಗಾಳಿಯಿದೆ ಎಂದಿಟ್ಟುಕೊಂಡರೆ, ಅಷ್ಟು ತಣಿದಾಗ ಬಿಡುಗಡೆಯಾಗುವ ನೀರು 0.04 ಗ್ರಾಂ; ಒಂದು ಹನಿಗೂ ಕಡಿಮೆ. ಆದ್ದರಿಂದ ಬಲ್ಬ್ ಮುಳುಗುವಷ್ಟು ನೀರನ್ನು ತೋರಿಸಿದಾಗ "ಇದು ಬರೀ ತಂಡಿಗೆ ಸಾರ್" ಎಂದು ಸರ್ವಿಸ್ ಸೆಂಟರುಗಳಲ್ಲಿ ಮಂಡಿತವಾಗುವ ಸಿದ್ಧಾಂತ ಅಂಕಗಣಿತದ ಮುಂದೆ ನಿಲ್ಲುವುದಿಲ್ಲ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಎಂಬ ಅಭೇದವಾದ ಕೊಳದ ಮಟ್ಟಿಗೆ ಸರಿ. ಮಂಜಿನ ಮಟ್ಟಿಗೆ ಭೇದವಾದವೇ ಗೆಲ್ಲುತ್ತದೆ. ಉಡುಪಿಯ ಆಸುಪಾಸಿನಲ್ಲಿ ಅದು ಗೆಲ್ಲುವುದು ಹೊಸತೇನೂ ಅಲ್ಲ.

ಟೈಲ್ ಲೈಟ್ ಉಸಿರಾಡುತ್ತದೆ ಎಂಬುದು ಶಾಸ್ತ್ರದ ತಿರುಳು. 21 ವ್ಯಾಟ್‌ನ ಬ್ರೇಕ್ ಬಲ್ಬ್ ಉರಿದು ಒಳಗಿನ ಗಾಳಿ 25ರಿಂದ 55 ಡಿಗ್ರಿಗೆ ಏರಿದರೆ, ಹತ್ತರಲ್ಲೊಂದು ಪಾಲಿನಷ್ಟು ಹಿಗ್ಗಿ ಹೊರಬೀಳುತ್ತದೆ. ಆರಿದಾಗ ಅಷ್ಟೇ ಗಾಳಿಯನ್ನು ಲೈಟು ಹೊರಗಿನಿಂದ ಎಳೆದುಕೊಳ್ಳುತ್ತದೆ. ಇದಕ್ಕೆಂದೇ ತಯಾರಕರು ಬಾಗಿದ ರಬ್ಬರ್ ನಳಿಕೆಯನ್ನೋ, ಗಾಳಿಯನ್ನು ಮಾತ್ರ ಬಿಟ್ಟು ನೀರನ್ನು ತಡೆಯುವ ತೆಳು ಪೊರೆಯನ್ನೋ ಇಟ್ಟಿರುತ್ತಾರೆ. ಆ ದಾರಿಯನ್ನು ಕೆಂಪು ಕೆಸರೋ, ಗೃಹಪ್ರವೇಶ ಮುಗಿಸಿಕೊಂಡ ಕಣಜವೋ ಮುಚ್ಚಿತೆಂದರೆ ಲೈಟು ಸೀಲಿನ ಸಡಿಲು ಅಂಚಿನಿಂದ ಉಸಿರೆಳೆಯುತ್ತದೆ. ಹೀಗೆ ಬಿಸಿಯಾಗಿರುವಾಗಲೇ ಮೇಲೆ ಮಳೆ ಸುರಿದರೆ, ಅಥವಾ ವಾಟರ್ ವಾಶಿನ ಪೈಪು ತಿರುಗಿದರೆ, ಅದು ಎಳೆದುಕೊಳ್ಳುವುದು ಗಾಳಿಯನ್ನಲ್ಲ.

ಚಿಕಿತ್ಸೆಯಲ್ಲಿ ಹಲವು ಪಂಥಗಳಿವೆ. ಅಕ್ಕಿವಾದಿಗಳು ನೀರಿಗೆ ಬಿದ್ದ ಮೊಬೈಲಿಗೆ ಹೇಳುವ ಮಂತ್ರವನ್ನೇ ಇಲ್ಲೂ ಹೇಳುತ್ತಾರೆ. ಒಂದು ಸೇರು ಅಕ್ಕಿ ದಂಡ. ಸಿಲಿಕಾವಾದಿಗಳು ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವ ಪೊಟ್ಟಣವನ್ನು ಬಲ್ಬ್ ಹೋಲ್ಡರಿನ ತೂತಿನಿಂದ ಒಳಗೆ ತೂರಿಸುತ್ತಾರೆ. ಐದು ಗ್ರಾಂ ಸಿಲಿಕಾ ಜೆಲ್ ಹೆಚ್ಚೆಂದರೆ ಎರಡು ಗ್ರಾಂನ ಹತ್ತಿರ ನೀರು ಕುಡಿದು ಸುಮ್ಮನಾಗುತ್ತದೆ, ಅರಬ್ಬೀ ಸಮುದ್ರ ಸುಮ್ಮನಾಗುವುದಿಲ್ಲ. ಲೇಪವಾದಿಗಳು ಇಡೀ ಲೈಟಿಗೆ, ಉಸಿರುನಳಿಕೆಯನ್ನೂ ಸೇರಿಸಿ, ಸಿಲಿಕೋನ್ ಮೆತ್ತುತ್ತಾರೆ. ಇದರಿಂದ ಒಳಗಿದ್ದ ನೀರು ಸುರಕ್ಷಿತವಾಗಿ ಒಳಗೇ ಉಳಿಯುತ್ತದೆ. ತಳದಲ್ಲಿ ಡ್ರಿಲ್ಲಿನಿಂದ ತೂತು ಕೊರೆಯುವ ರಂಧ್ರವಾದಿಗಳನ್ನು ಮಾತ್ರ ಪೂರ್ತಿ ತಳ್ಳಿಹಾಕುವಂತಿಲ್ಲ. ಕೊಳ ಖಂಡಿತ ಬರಿದಾಗುತ್ತದೆ. ಆದರೆ ಚಕ್ರ ಎರಚುವ ಕೆಸರಿಗೂ ಇರುವೆಗಳಿಗೂ ಅದೇ ಮಹಾದ್ವಾರ.

ಸಮ್ಮತವಾದ ವಿಧಾನ ಇಷ್ಟು. ಡಿಕ್ಕಿ ತೆರೆದು, ನಟ್ ಬಿಚ್ಚಿ, ಕನೆಕ್ಟರ್ ಕಳಚಿ ಲೈಟನ್ನು ಹೊರತೆಗೆಯಬೇಕು. ಬಲ್ಬ್‌ಗಳನ್ನು ತೆಗೆದು, ತೂತುಗಳನ್ನು ಕೆಳಮುಖ ಮಾಡಿ ನೀರು ಸುರಿದು, ಬಿಸಿಲಿದ್ದರೆ ಬಿಸಿಲಲ್ಲಿ, ಇಲ್ಲವೇ ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಒಣಗಿಸಬೇಕು. ಓವನ್ನಿಗೆ ಇಡುವುದು ನಿಷಿದ್ಧ. ಅಕ್ರಿಲಿಕ್ ಲೆನ್ಸ್ ಸುಮಾರು 100 ಡಿಗ್ರಿಯಲ್ಲಿ ಮೆತ್ತಗಾಗಿ ಹೊಸ ಆಕಾರ ತಾಳುತ್ತದೆ. ಬಿರುಕಿನ ಗುಮಾನಿಯಿದ್ದರೆ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ಪರೀಕ್ಷಿಸುವಂತೆ, ಬಲ್ಬ್ ತೂತುಗಳಲ್ಲಿ ಒಂದನ್ನುಳಿದು ಎಲ್ಲವನ್ನೂ ಮುಚ್ಚಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಊದಬೇಕು. ಉಸಿರುನಳಿಕೆಯಿಂದ ಬರುವ ಗುಳ್ಳೆ ಆರೋಗ್ಯದ ಲಕ್ಷಣ, ಬೇರೆಡೆಯಿಂದ ಬರುವುದು ರೋಗದ್ದು. ಬಿರುಕಿಗಷ್ಟೇ ಅಂಟು ಹಾಕಿ, ನಳಿಕೆಯ ಕೆಸರು ತೆಗೆದು, ಬಾಡಿಗೂ ಲೈಟಿಗೂ ನಡುವಿನ ಸ್ಪಂಜಿನ ಗ್ಯಾಸ್ಕೆಟ್ಟನ್ನು ಬದಲಿಸಬೇಕು. ನಟ್ಟನ್ನು ಭೀಮಬಲದಿಂದ ಬಿಗಿದರೆ ಪ್ಲಾಸ್ಟಿಕ್ ಸೀಳಿ ಪ್ರಕರಣ ಮೊದಲಿನಿಂದ ಶುರುವಾಗುತ್ತದೆ. ಜೊತೆಗೇ ಸ್ಟೆಪ್ನಿ ಇಡುವ ಗುಂಡಿಯನ್ನೂ ಮುಟ್ಟಿ ನೋಡತಕ್ಕದ್ದು: ಹಳೆಯ ಗ್ಯಾಸ್ಕೆಟ್ ಬಿಟ್ಟ ನೀರು ಅಲ್ಲಿ ವಾಸವಿರುವುದುಂಟು.

ಉಪೇಕ್ಷಿಸಿದರೆ ಹೋಲ್ಡರಿನ ಹಿತ್ತಾಳೆ ಹಸಿರುಗಟ್ಟಿ ಅರ್ಥಿಂಗ್ ಕೈಕೊಡುತ್ತದೆ. ಆಗ ಕರೆಂಟು ಪಕ್ಕದ ಬಲ್ಬಿನ ಮೂಲಕ ಮನೆಗೆ ದಾರಿ ಹುಡುಕುವುದರಿಂದ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿದು ಹಿಂದಿನ ವಾಹನದವರನ್ನು ಆಳವಾದ ಚಿಂತನೆಗೆ ಹಚ್ಚುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು; ಒಳಗೊಂದು ಬಾವಿ ಇದೆಯೆಂದು ಯಾರಿಗೂ ರಿಯಾಯಿತಿಯಿಲ್ಲ.

ಎಲ್‌ಇಡಿ ಲೈಟುಗಳು ಪ್ರತ್ಯೇಕ ವರ್ಗ. ಅವುಗಳ ಬೆಳಕು ಲೆನ್ಸನ್ನು ಅಷ್ಟಾಗಿ ಬಿಸಿ ಮಾಡುವುದಿಲ್ಲವಾದ್ದರಿಂದ ಮಂಜು ಹೆಚ್ಚು ಹೊತ್ತು ಕೂರುತ್ತದೆ. ಲೆನ್ಸನ್ನು ಮೈಗೆ ಬೆಸೆದಿರುವುದರಿಂದ ಬಿಚ್ಚಲಾಗದು, ಒಳಗೆ ಸರ್ಕ್ಯೂಟ್ ಇರುವುದರಿಂದ ನೀರಿಗದ್ದಿ ಊದಲೂ ಆಗದು. ಇವುಗಳಲ್ಲಿ ಕೊಳ ಕಂಡರೆ ವಾರಂಟಿ, ಅದು ತೀರಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಅದೂ ದುಬಾರಿಯಾದರೆ ಗುಜರಿ. ಅಂಗಡಿಯಲ್ಲಿ ಎಡ, ಬಲ ಎಂದು ಕೇಳುವುದು ಶಾಸ್ತ್ರಸಮ್ಮತವಲ್ಲ, ಏಕೆಂದರೆ ಕಾರಿನ ಹಿಂದೆ ನಿಂತವರ ಎಡವೋ, ಮುಂದೆ ನಿಂತವರ ಎಡವೋ ಎಂಬ ಚರ್ಚೆ ಸಂಜೆಯವರೆಗೆ ನಡೆಯಬಲ್ಲದು. ಡ್ರೈವರ್ ಸೈಡ್ ಅಥವಾ ಕ್ಲೀನರ್ ಸೈಡ್ ಎಂದರೆ, ಕಾರಿಗೆ ಕ್ಲೀನರ್ ಇಲ್ಲದಿದ್ದರೂ, ಸರಿಯಾದ ಲೈಟೇ ಕೈಗೆ ಬರುತ್ತದೆ.